ಗಾಳಿಗೆ ಬಿದ್ದ ಮರದ ಬುಡ ನೋಡಿ: ಸಣ್ಣ ಊರುಗಳ ನೆರಳಿನ ಮರ ಮತ್ತು ಅನುದಾನ

ಮುಂಗಾರಿಗೆ ಮೊದಲು ಗುಡುಗು ಸಮೇತ ಗಾಳಿಮಳೆ ಬಂದು ಹೋದರೆ ಸಾಕು, ಪ್ರತಿವರ್ಷ ಅದೇ ದೂರು. ಆರೆಂಟು ವರ್ಷ ಬೆಳೆದು ಆಗತಾನೆ ನೆರಳು ಕೊಡತೊಡಗಿದ್ದ ಹೊಂಗೆ, ಮಹಾಗನಿ, ನೇರಳೆ ಬುಡಸಮೇತ ಮಲಗಿರುತ್ತವೆ. ಪಟ್ಟಣ ಪಂಚಾಯಿತಿಯವರು ಗಾಳಿಯನ್ನು ದೂರುತ್ತಾರೆ, ಊರವರು ಸಸಿ ಕೊಟ್ಟವರನ್ನು. ಬಿದ್ದ ಮರದ ಬುಡವನ್ನು ಬಗ್ಗಿ ನೋಡುವವರು ಕಡಿಮೆ. ನೋಡಿದರೆ, ಮಣ್ಣು ಮೆತ್ತಿದ ಕರಿ ಪ್ಲಾಸ್ಟಿಕ್ಕಿನ ಚೂರು ಇನ್ನೂ ಅಲ್ಲೇ ಇರುತ್ತದೆ. ತಾಯಿಬೇರು ಕೆಳಗಿಳಿಯದೆ ಚೀಲದ ತಳದಲ್ಲೇ ಸುತ್ತಿ ಸುತ್ತಿ ಮುಂಗೈ ದಪ್ಪದ ಸುರುಳಿಯಾಗಿರುತ್ತದೆ. ಪಕ್ಕದ ಬೇರುಗಳು ಎರಡೋ ಮೂರೋ, ಅವೂ ಒಂದೇ ಕಡೆಗೆ. ಇಂಥ ಮರ ಅಷ್ಟು ವರ್ಷ ನಿಂತದ್ದೇ ಹೆಚ್ಚು.

ತಪ್ಪು ಒಂದೇ: ಚೀಲ ತೆಗೆಯದೆ ನೆಡುವುದು. ಹತ್ತು ಸಲ ಹೇಳಿದರೂ ಹನ್ನೊಂದನೆಯ ಸಲ ಅದೇ ಆಗುತ್ತದೆ. ಕೇಳಿದರೆ, ‘ತೆಗೆದರೆ ಮಣ್ಣು ಉದುರುತ್ತೆ ಸಾರ್’ ಎನ್ನುತ್ತಾರೆ. ಒಣಗಿದ ಚೀಲ ಹರಿದರೆ ಉದುರದೆ ಇರುತ್ತದೆಯೇ? ಹಿಂದಿನ ಸಂಜೆಯೇ ಸಸಿಗಳಿಗೆ ನೀರು ಹಾಕಿಡಿ. ಬೆಳಿಗ್ಗೆ ಬ್ಲೇಡಿನಿಂದ ಚೀಲವನ್ನು ಎರಡು ಕಡೆ ಮೇಲಿನಿಂದ ಕೆಳಗೆ ಸೀಳಿ, ಮಣ್ಣಿನ ಹೆಂಟೆ ಒಡೆಯದಂತೆ ಬಿಡಿಸಿ. ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಕೆಳಗಿನ ಒಂದು ಇಂಚನ್ನು ಕತ್ತರಿಸಿ ಬಿಸಾಡಿ. ಸಸಿ ನರ್ಸರಿಯಲ್ಲಿ ಎರಡನೆಯ ವರ್ಷ ದಾಟಿದ್ದಾದರೆ ಹೆಂಟೆಯ ನಾಲ್ಕೂ ಬದಿಗೆ ಅರ್ಧ ಇಂಚು ಆಳದ ಉದ್ದ ಗೀರು ಹಾಕಿ. ಬೇರು ಕತ್ತರಿಸಿದರೆ ಗಿಡ ಸಾಯುತ್ತದೆಂದು ಹೆದರಬೇಡಿ. ಸುತ್ತಿಕೊಂಡ ಬೇರು ಬಿಟ್ಟರೇ ಸಾಯುವುದು, ನಿಧಾನವಾಗಿ.

ಒಂದು ಸರಳ ಲೆಕ್ಕ ಇಟ್ಟುಕೊಳ್ಳಿ. ಇನ್ನೂರು ಸಸಿ ನೆಟ್ಟ ಸಂಜೆ ಇನ್ನೂರು ಖಾಲಿ ಚೀಲ ಒಂದು ಕಡೆ ರಾಶಿ ಬೀಳಬೇಕು. ನೂರೈವತ್ತೇ ಸಿಕ್ಕರೆ ಉಳಿದ ಐವತ್ತು ಎಲ್ಲಿವೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಕೂಲಿ ಬಟವಾಡೆಗೆ ಮೊದಲು ಚೀಲ ಎಣಿಸಿ.

ಗುಂಡಿಯ ಮಾತು. ಹೊಲದ ಬದುವಿನಲ್ಲಾದರೆ ಉದ್ದ, ಅಗಲ, ಆಳ ಎರಡೆರಡು ಅಡಿ ಸಾಕು. ರಸ್ತೆ ಬದಿಯ ನೆಲ ಬೇರೆ. ಅಲ್ಲಿರುವುದು ಮಣ್ಣಲ್ಲ, ರೋಲರ್ ಓಡಿಸಿ ಗಟ್ಟಿ ಮಾಡಿದ ಗರಸು. ಅಲ್ಲಿ ಮೂರು ಅಡಿಗಿಂತ ಕಡಿಮೆ ತೋಡಿದರೆ ನೆಟ್ಟೂ ದಂಡ. ಗರಸನ್ನು ಹೊರಗೆ ಹಾಕಿ ಕೆರೆಗೋಡು ಅಥವಾ ಹೊಲದ ಮೇಲ್ಮಣ್ಣು ತಂದು ತುಂಬಿ. ಗುಂಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 10 ಕಿಲೋ, ಬೇವಿನ ಹಿಂಡಿ ಅರ್ಧ ಕಿಲೋ, ಸೂಪರ್ ಫಾಸ್ಫೇಟ್ 100 ಗ್ರಾಂ ಬೆರೆಸಿ. ಹಸಿ ಸಗಣಿ ಹಾಕಿದಿರೋ, ಗೆದ್ದಲಿಗೆ ಊಟ ಬಡಿಸಿದಂತೆ. ಯೂರಿಯಾವನ್ನು ನೆಡುವ ದಿನ ಹಾಕಲೇಬೇಡಿ. ಮೂರು ತಿಂಗಳ ನಂತರ ನೆಲ ತೇವವಿದ್ದಾಗ ಬುಡದಿಂದ ಒಂದು ಅಡಿ ದೂರ ಉಂಗುರ ತೋಡಿ 50 ಗ್ರಾಂ, ಎರಡನೆಯ ಮಳೆಗಾಲಕ್ಕೆ 100 ಗ್ರಾಂ. ಹಿಡಿ ತುಂಬ ಎರಚುವುದು ಅಳತೆಯಲ್ಲ.

ಚೀಲದಲ್ಲಿದ್ದಾಗ ಮಣ್ಣಿನ ಮಟ್ಟ ಎಲ್ಲಿತ್ತೋ ಗುಂಡಿಯಲ್ಲೂ ಅಲ್ಲೇ ಇರಲಿ, ಕಾಂಡ ಹೂತುಹೋಗಬಾರದು. ಊರುಗೋಲಿಗೆ ಗೋಣಿ ದಾರವನ್ನು ಎಂಟರ ಅಂಕಿಯಂತೆ ಸಡಿಲವಾಗಿ ಕಟ್ಟಿ, ತಂತಿ ಬೇಡ. ವಿದ್ಯುತ್ ತಂತಿಯ ಕೆಳಗೆ ಮಹಾಗನಿ, ಮಳೆಮರ ನೆಟ್ಟು ಆಮೇಲೆ ಲೈನ್‌ಮನ್ ತಲೆ ಕಡಿದ ಎಂದು ಜಗಳ ಆಡಬೇಡಿ. ಅಲ್ಲಿಗೆ ಬಸವನಪಾದ, ನೆಲ್ಲಿಯಂಥ ಗಿಡ್ಡ ಮರ ಸಾಕು. ದೊಡ್ಡ ಮರಗಳಿಗೆ 30 ಅಡಿ ಅಂತರ ಬಿಡಿ. ಮುಂದೆ ಫುಟ್‌ಪಾತಿಗೆ ಇಂಟರ್‌ಲಾಕ್ ಕಲ್ಲು ಹಾಸುವ ಗುತ್ತಿಗೆದಾರ ಬುಡದವರೆಗೂ ಹಾಸಲು ಬರುತ್ತಾನೆ. ಸುತ್ತ ಕನಿಷ್ಠ ಮೂರು ಅಡಿ ಚೌಕ ಮಣ್ಣು ಬಿಡಿಸಿಕೊಳ್ಳುವುದು ಆ ವಾರ್ಡಿನ ಸದಸ್ಯರ ಕೆಲಸ.

ಇನ್ನು ದಿನಾಂಕ. ಜೂನ್ 5 ವಿಶ್ವ ಪರಿಸರ ದಿನ, ನಿಜ. ಬಯಲುಸೀಮೆಯ ನೆಲಕ್ಕೆ ಅದು ಗೊತ್ತಿಲ್ಲ. ನೆಲ ಒಂದು ಅಡಿ ಆಳದವರೆಗೆ ನೆನೆಯದೆ ನೆಟ್ಟ ಸಸಿ ಫೋಟೋಕ್ಕೆ ಮಾತ್ರ. ಮಂತ್ರಿ ಕೆ.ಎಂ. ಮುನ್ಷಿ 1950ರಲ್ಲಿ ವನಮಹೋತ್ಸವ ಶುರು ಮಾಡಿದಾಗ ಅದನ್ನು ಜುಲೈಗೆ ಇಟ್ಟರು. ಮಳೆ ಹಿಡಿದ ಮೇಲೆ ನೆಡಬೇಕೆಂಬ ಬುದ್ಧಿ ಅದರಲ್ಲಿದೆ.

ಹಣದ ವಿಷಯ ಹೇಳಬೇಕಾದ್ದು ಇಲ್ಲೇ. ಊರಿನ ಅಂಚಿನಲ್ಲಿ ನಿಮ್ಮ ಹೆಸರಿನ ಪಹಣಿ ಇದ್ದರೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. 2011–12ರಿಂದ ನಡೆಯುತ್ತಿದೆ. ಬದುಕಿದ ಪ್ರತಿ ಸಸಿಗೆ ಮೊದಲ ವರ್ಷದ ಕೊನೆಗೆ 35 ರೂಪಾಯಿ, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125. ಹೆಕ್ಟೇರಿಗೆ 400 ಸಸಿಯ ಮಿತಿ. ನಾನೂರೂ ಉಳಿದರೆ ಮೂರು ವರ್ಷದಲ್ಲಿ 50,000 ರೂಪಾಯಿ. ಮೊದಲ ಬೇಸಿಗೆಯಲ್ಲೇ ಅರ್ಧ ಒಣಗಿದರೆ 25,000. ನೀಲಗಿರಿ, ಸರ್ವೆ, ತೆಂಗು, ಅಡಿಕೆಗೆ ಈ ಹಣ ಇಲ್ಲ. ದರ ಆಗಾಗ ಬದಲಾಗುತ್ತದೆ, ನೋಂದಣಿಯ ದಿನವೇ ಆ ವರ್ಷದ್ದನ್ನು ಕೇಳಿಕೊಳ್ಳಿ. ನೆಟ್ಟದ್ದಕ್ಕಲ್ಲ, ಉಳಿಸಿದ್ದಕ್ಕೆ ಹಣ ಕೊಡುವ ಯೋಜನೆ ಇದು. ಅದಕ್ಕೇ ನನಗೆ ಇದರ ಮೇಲೆ ನಂಬಿಕೆ.

ಕೇಂದ್ರದ ನಗರ ವನ ಯೋಜನೆಯಲ್ಲಿ ಹೆಕ್ಟೇರಿಗೆ 4 ಲಕ್ಷ ರೂಪಾಯಿ ಎಂದು ಕೆಲವರು ಅರ್ಜಿ ಹಿಡಿದು ಓಡಾಡುತ್ತಾರೆ. ಹತ್ತು ಹೆಕ್ಟೇರ್ ಜಾಗ ಎಲ್ಲಿ ತರುತ್ತೀರಿ? ಚಿಕ್ಕ ನಗರ ವಾಟಿಕೆಗೂ ಒಂದು ಹೆಕ್ಟೇರ್ ಬೇಕು. ಬೇಲಿ, ಗೇಟು, ಕಮಾನು, ಕಲ್ಲುಬೆಂಚು ಆದಮೇಲೆ ಗಿಡಕ್ಕೆಷ್ಟು ಉಳಿಯುತ್ತದೆ ಎಂಬುದನ್ನು ನೋಡಿದವನೇ ಬಲ್ಲ. ಸಣ್ಣ ಊರಿಗೆ ಅದರ ಹಿಂದೆ ಬೀಳುವುದು ಕಾಲಹರಣ.

ರಸ್ತೆ ಬದಿ, ಶಾಲೆ ಅಂಗಳ, ಗುಂಡುತೋಪಿಗೆ ಪಂಚಾಯಿತಿಯೇ ಹಣ ಇಡಬೇಕು. ಇಡುವಾಗ ನೆಡುವ ದಿನಕ್ಕೆಲ್ಲ ಸುರಿದುಬಿಡುತ್ತಾರೆ. ಕಬ್ಬಿಣದ ಟ್ರೀಗಾರ್ಡ್, ಅದರ ಮೇಲೆ ದಾನಿಯ ಹೆಸರು, ಶಾಮಿಯಾನ. ಜನವರಿಗೆ ಟ್ಯಾಂಕರ್ ಕೇಳಿದರೆ ಕೈ ಖಾಲಿ. ಗಾರ್ಡಿನ ಬದಲು ಜಾಲಿಮುಳ್ಳು ಕಟ್ಟಿ, ಉಳಿದ ಹಣವನ್ನು ಮೂರು ಬೇಸಿಗೆಯ ನೀರಿಗೆ ಎತ್ತಿಡಿ. ಮೊದಲ ಬೇಸಿಗೆ ವಾರಕ್ಕೊಮ್ಮೆ ಗಿಡಕ್ಕೆ ಎರಡು ಕೊಡ, ಎರಡನೆಯದಕ್ಕೆ ಹದಿನೈದು ದಿನಕ್ಕೊಮ್ಮೆ ಮೂರು ಕೊಡ, ಮೂರನೆಯದಕ್ಕೆ ಎಲೆ ಬಾಡಿದಾಗ. ಪಾತಿಗೆ ನಾಲ್ಕು ಇಂಚು ದಪ್ಪ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಿರಲಿ. ದಿನಕ್ಕೊಂದು ಚೊಂಬು ನೀರು ಹಾಕುವುದು ಉಪಕಾರವಲ್ಲ. ಮೇಲ್ಮಣ್ಣು ಮಾತ್ರ ನೆನೆದು ಬೇರು ಮೇಲಕ್ಕೇ ಬರುತ್ತದೆ.

ಪ್ರೋತ್ಸಾಹ ಹಣಕ್ಕಾಗಿ ಬದುಕಿದ ಸಸಿ ಎಣಿಸಲು ಅರಣ್ಯ ಇಲಾಖೆಯ ಸಿಬ್ಬಂದಿ ಬರುವ ಹಿಂದಿನ ವಾರ ಸತ್ತ ಗಿಡದ ಜಾಗಕ್ಕೆ ಹೊಸದು ತಂದು ಊರುವವರಿದ್ದಾರೆ. ಕಾಂಡದ ದಪ್ಪ ನೋಡಿದರೆ ತಿಳಿಯುತ್ತದೆ. ಅಂಥ ಸಸಿಗೆ ಹಣ ಬರುವುದಿಲ್ಲ, ಮುಂದಿನ ಸಲ ನಿಮ್ಮ ಮಾತಿಗೂ ಬೆಲೆ ಇರುವುದಿಲ್ಲ.

ಈ ವರ್ಷ ನೆಡುವವರು ಪಹಣಿ, ಬ್ಯಾಂಕ್ ಪಾಸ್‌ಬುಕ್, ಗುರುತಿನ ಚೀಟಿ, ಫೋಟೋ ಹಿಡಿದು ಮಳೆಗೆ ಮೊದಲೇ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಗುಂಡಿಗಳನ್ನು ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡಿ.