ಮೋಟಾರುಗಾಡಿಗೂ ನಾಡಿಪರೀಕ್ಷೆ

ಛತ್ರಪತಿ ಸಂಭಾಜಿನಗರದಿಂದ ಜಾಲ್ನಾ ರಸ್ತೆಯಲ್ಲಿ ಪೂರ್ವಕ್ಕೆ ಸಾಗಿ ಚಿಕಲಠಾಣಾ ವಿಮಾನನಿಲ್ದಾಣವನ್ನು ದಾಟಿದರೆ ಶೇಂದ್ರಾ ಕೈಗಾರಿಕಾ ಪ್ರದೇಶವು ಎದುರಾಗುತ್ತದೆ. ಮಾಂಗೀರಬಾಬಾನ ಚೈತ್ರದ ಜಾತ್ರೆಗೆ ಹೆಸರಾದ ಈ ಊರಿನಲ್ಲಿ 2001ರಲ್ಲಿ ಸ್ಕೋಡಾ ಸಂಸ್ಥೆಯು ಆಕ್ಟೇವಿಯಾ ಕಾರುಗಳ ಜೋಡಣೆಯನ್ನು ಆರಂಭಿಸಿತು. ರಾಷ್ಟ್ರಕೂಟರ ಕೈಲಾಸ ದೇಗುಲವೂ, ‘ಕನ್ನಡ’ ಎಂಬ ಹೆಸರಿನ ತಾಲ್ಲೂಕೂ ಇರುವ ಜಿಲ್ಲೆಯಿದು. ಕನ್ನಡಿಗರಿಗೆ ಪರಕೀಯವೆನಿಸುವ ನೆಲವಲ್ಲ. ಇಲ್ಲಿ ಜೋಡಣೆಗೊಂಡ ಕಾರುಗಳೂ ಅವುಗಳ ಸಮಕಾಲೀನವಾದ ಇತರ ಪೆಟ್ರೋಲ್ ಕಾರುಗಳೂ ಹಳೆಯ ಗಾಡಿಗಳಿಂದ ಒಂದು ಮುಖ್ಯ ವಿಷಯದಲ್ಲಿ ಭಿನ್ನವಾಗಿವೆ. ಅವುಗಳಲ್ಲಿ ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುವುದು ಕಾರ್ಬ್ಯುರೇಟರ್ ಅಲ್ಲ, ಸೆನ್ಸರುಗಳು ಕೊಡುವ ವರದಿಯನ್ನು ನಂಬಿ ನಡೆಯುವ ಒಂದು ಗಣಕಯಂತ್ರ.

ಆ ವರದಿಯೇ ಸುಳ್ಳಾದರೆ? ಶೀತಕದ್ರವದ ಉಷ್ಣತೆಯನ್ನು ಅಳೆಯುವ ಪುಟ್ಟ ಸೆನ್ಸರಿನ ಉದಾಹರಣೆಯಿಂದ ಇದನ್ನು ತಿಳಿಯಬಹುದು. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗದು; ಆದಕಾರಣ ಹೆಚ್ಚು ಪೆಟ್ರೋಲನ್ನು ಊಡಬೇಕು. ಹಿಂದೆ ಚಾಲಕನು ಚೋಕ್ ಎಳೆದು ಈ ಕೆಲಸವನ್ನು ಮಾಡುತ್ತಿದ್ದನು. ಈಗ ಸೆನ್ಸರು ‘ಎಂಜಿನ್ನು ತಣ್ಣಗಿದೆ’ ಎಂದರೆ ಗಣಕಯಂತ್ರವೇ ಪೆಟ್ರೋಲನ್ನು ಹೆಚ್ಚಿಸುತ್ತದೆ. ಕೆಟ್ಟ ಸೆನ್ಸರು ಕಾದ ಎಂಜಿನ್ನನ್ನೂ ತಣ್ಣಗಿದೆಯೆಂದೇ ಸಾರುತ್ತದೆ. ಎಂದರೆ ಚೋಕ್ ಎಳೆದಿಟ್ಟು ದಿನವಿಡೀ ಓಡಿಸಿದಂತಾಯಿತು. ಮೈಲೇಜು ಕುಸಿಯುತ್ತದೆ, ಹೊಗೆ ಕಪ್ಪಾಗುತ್ತದೆ, ಕಾದ ಗಾಡಿಯನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡುವುದು ಕಷ್ಟವಾಗುತ್ತದೆ.

ಇದು ಕೇವಲ ಹಣದ ಮಾತಲ್ಲ. ಸುಮಾರು 14.7 ತೂಕದ ಗಾಳಿಗೆ 1 ತೂಕದ ಪೆಟ್ರೋಲು ಸೇರಿದರೆ ದಹನವು ಪೂರ್ಣವಾಗುತ್ತದೆ. ಪೆಟ್ರೋಲು ಮಿತಿಮೀರಿದರೆ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲವು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ತಲೆನೋವು, ಓಕರಿಕೆ, ಮಂಪರು, ಕೊನೆಗೆ ಪ್ರಜ್ಞೆ ತಪ್ಪುವುದು: ಇದು ಅದರ ಕ್ರಮ. ಮನೆಗೆ ಹೊಂದಿಕೊಂಡ ಮುಚ್ಚಿದ ಶೆಡ್ಡಿನಲ್ಲಿ ಗಾಡಿಯನ್ನು ‘ಬಿಸಿಮಾಡುವ’ ರೂಢಿಯು ಯಾವ ಕಾರಿನಲ್ಲೂ ಅಪಾಯಕರವೇ. ಇಂಥ ದೋಷವುಳ್ಳ ಕಾರಿನಲ್ಲಿ ಅದು ಪ್ರಾಣಾಂತಿಕವಾಗಬಲ್ಲದು. ಸುಟ್ಟುಹೋಗದ ಪೆಟ್ರೋಲು ಹೊಗೆಕೊಳವೆಯಲ್ಲಿರುವ ವಿಷಶಾಮಕ ಪೆಟ್ಟಿಗೆಯನ್ನೂ, ಎಂದರೆ ಕೆಟಲಿಟಿಕ್ ಕನ್ವರ್ಟರನ್ನೂ, ಅತಿಯಾಗಿ ಕಾಯಿಸಿ ಹಾಳುಮಾಡುತ್ತದೆ. ಅದರ ಬೆಲೆಯ ಮುಂದೆ ಸೆನ್ಸರಿನ ಬೆಲೆ ಏನೇನೂ ಅಲ್ಲ.

ಹೀಗಿದ್ದೂ ತಪಾಸಣೆಯಲ್ಲಿ ಬಹಳ ಸಲ ನಡೆಯುವುದು ಅನ್ಯಾಯ. ಹೊಗೆಕೊಳವೆಯಲ್ಲಿ ಆಮ್ಲಜನಕದ ಸೆನ್ಸರೊಂದು ಕುಳಿತಿರುತ್ತದೆ. ಅದರ ಸಾಮಾನ್ಯ ಬಗೆಯು ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾದಾಗ ಸುಮಾರು 0.9 ವೋಲ್ಟನ್ನೂ, ಗಾಳಿ ಹೆಚ್ಚಾದಾಗ ಸುಮಾರು 0.1 ವೋಲ್ಟನ್ನೂ ತೋರಿಸುತ್ತದೆ. ‘ಪೆಟ್ರೋಲು ಹೆಚ್ಚಾಗಿದೆ’ ಎಂದು ಅದು ಪ್ರಾಮಾಣಿಕವಾಗಿ ದೂರಿದೊಡನೆ, ಎಂಜಿನ್ನಿನ ಎಚ್ಚರಿಕೆಯ ದೀಪವು ಹೊತ್ತಿದೊಡನೆ, ಅವಸರದ ಮೆಕ್ಯಾನಿಕ್ಕನು ಆ ಸೆನ್ಸರನ್ನೇ ಕಿತ್ತು ಹೊಸದನ್ನು ಹಾಕುತ್ತಾನೆ. ಜ್ವರವಿದೆಯೆಂದ ಥರ್ಮಾಮೀಟರನ್ನು ಒಡೆದುಹಾಕಿದಂತೆಯೇ ಇದು! ಪಿ 0172 ಎಂಬ ಸಂಕೇತವು ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಿದೆಯೆಂಬ ಲಕ್ಷಣವನ್ನು ಹೇಳುತ್ತದೆಯೇ ಹೊರತು ರೋಗದ ಮೂಲವನ್ನಲ್ಲ.

ಮೂಲವನ್ನು ಹುಡುಕುವ ಬಗೆ ಸರಳವಾದುದು. ಮೊದಲು ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರನ್ನು ಜೋಡಿಸಿ ಸಂಕೇತಗಳನ್ನು ಬರೆದಿಟ್ಟುಕೊಳ್ಳಬೇಕು, ಬರೆಯದೆ ಅಳಿಸತಕ್ಕದ್ದಲ್ಲ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಬೆಳಿಗ್ಗೆ ಎಂಜಿನ್ನನ್ನು ಚಾಲೂ ಮಾಡುವ ಮುನ್ನ, ಶೀತಕದ್ರವದ ಉಷ್ಣತೆಯನ್ನೂ ಒಳಸೇರುವ ಗಾಳಿಯ ಉಷ್ಣತೆಯನ್ನೂ ಹೋಲಿಸಬೇಕು. ಎರಡೂ ಬಹುಮಟ್ಟಿಗೆ ಒಂದೇ ಆಗಿರಬೇಕಾದುದು ನ್ಯಾಯ. ಮರಾಠವಾಡದ ಮೇ ತಿಂಗಳ ಮುಂಜಾನೆಯಲ್ಲಿ ಗಾಳಿ 28 ಡಿಗ್ರಿ, ದ್ರವ ಮಾತ್ರ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎಂದು ಕಂಡರೆ ಎಲ್ಲಿಯೋ ತಂತಿ ಕಡಿದಿದೆ, ಇಲ್ಲವೇ ಸೆನ್ಸರಿನೊಳಗೇ ಸಂಪರ್ಕ ತಪ್ಪಿದೆ ಎಂದು ತಿಳಿಯಬಹುದು. ಫಲಕದ ಮುಳ್ಳು ಸರಿಯಾಗಿ 90ನ್ನು ತೋರಿಸಿದ ಮಾತ್ರಕ್ಕೆ ಮೋಸಹೋಗಬಾರದು. ಕೆಲವು ಕಾರುಗಳಲ್ಲಿ ಒಂದೇ ಕವಚದೊಳಗೆ ಮುಳ್ಳಿಗೊಂದು, ಗಣಕಯಂತ್ರಕ್ಕೊಂದು ಎಂದು ಎರಡು ಅಂಗಗಳಿದ್ದು, ಒಂದು ಕೆಟ್ಟರೂ ಇನ್ನೊಂದು ಸರಿಯಾಗಿಯೇ ಇರುತ್ತದೆ.

ಸಂದೇಹವುಳಿದರೆ ತಣ್ಣಗಾದ ಎಂಜಿನ್ನಿನಿಂದ ಸೆನ್ಸರನ್ನು ಬಿಚ್ಚಿ, ನೀರಿನ ಪಾತ್ರೆಯಲ್ಲಿ ಅದರ ತುದಿ ಮುಳುಗುವಂತೆ ತೂಗಬಿಟ್ಟು, ಮಲ್ಟಿಮೀಟರಿನಿಂದ ರೋಧವನ್ನು ಅಳೆಯಬೇಕು. ಸಾಮಾನ್ಯ ಬಗೆಯ ಸೆನ್ಸರುಗಳಲ್ಲಿ 20 ಡಿಗ್ರಿಯಲ್ಲಿ ಸುಮಾರು 2,500 ಓಮ್ ಇರುವ ರೋಧವು ನೀರು ಕಾದಂತೆ ಇಳಿಯುತ್ತ 80 ಡಿಗ್ರಿಗೆ ಸುಮಾರು 300 ಓಮ್ ಆಗುತ್ತದೆ; ನಿಖರವಾದ ಅಂಕಿಗಳನ್ನು ಆಯಾ ಕಾರಿನ ಕೈಪಿಡಿಯಲ್ಲಿ ನೋಡಬೇಕು. ಇಳಿಕೆಯು ನಡುವೆ ನಿಂತರೆ ಅಥವಾ ಜಿಗಿದರೆ ಸೆನ್ಸರು ಕೆಟ್ಟಿದೆ. ಇಳಿಕೆ ನುಣುಪಾಗಿದ್ದರೆ ತಂತಿಯನ್ನೂ, ಪ್ಲಗ್ಗಿನ ಹಸಿರು ಕಿಲುಬನ್ನೂ ಪರೀಕ್ಷಿಸಬೇಕು. ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದ್ದರೂ ಉಷ್ಣತೆ ಏರದು. ಆಗ ಸೆನ್ಸರು ನುಡಿಯುತ್ತಿರುವುದು ನಿಜವೇ.

ಹೊಸ ಸೆನ್ಸರನ್ನು ಕೂರಿಸುವಾಗ ರಬ್ಬರು ಉಂಗುರವನ್ನೂ ಹೊಸದಾಗಿ ಹಾಕಿ, ಸೋರಿಹೋದ ದ್ರವವನ್ನು ತುಂಬಿ, ಒಳಗೆ ಸಿಕ್ಕಿದ ಗಾಳಿಯನ್ನು ಹೊರಬಿಡಬೇಕು. ಬಿಸಿ ಎಂಜಿನ್ನಿನ ಮುಚ್ಚಳವನ್ನು ತೆರೆದರೆ ಒತ್ತಡದಲ್ಲಿರುವ ದ್ರವವು ಚಿಮ್ಮಿ ಮುಖವನ್ನೇ ಸುಡುತ್ತದೆ. ಆ ದ್ರವದಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ಮೂತ್ರಪಿಂಡಗಳಿಗೆ ಮಾರಕ. ನೆಲಕ್ಕೆ ಚೆಲ್ಲಿದುದನ್ನು ಮಕ್ಕಳೂ ನಾಯಿಗಳೂ ನೆಕ್ಕದಂತೆ ಕೂಡಲೇ ತೊಳೆಯಬೇಕು. ಆಮೇಲೆ ಸಂಕೇತಗಳನ್ನು ಅಳಿಸಿ ಕೆಲವು ಮೈಲಿ ಓಡಿಸಿ, ಹೊಗೆಯ ತಪಾಸಣೆಯನ್ನು ಮಾಡಿಸಬೇಕು. ಮರುದಿನ ಮುಂಜಾನೆ ಗಾಳಿಯ ಮತ್ತು ದ್ರವದ ಉಷ್ಣತೆಗಳು ಒಂದಕ್ಕೊಂದು ಹೊಂದಿಕೊಂಡು, ಕಾದ ಮೇಲೆ ಆಮ್ಲಜನಕದ ಸೆನ್ಸರಿನ ವೋಲ್ಟು ಒಂದೇ ಕಡೆ ನಿಲ್ಲದೆ ಮೇಲೆ ಕೆಳಗೆ ಆಡುತ್ತಿದ್ದರೆ ದುರಸ್ತಿಯು ಫಲಿಸಿತೆಂದು ತಿಳಿಯಬಹುದು.