ಕಣ್ಣಿಗೆ ಕಾಣದ ಬೇಟೆ: ಕೊಳದಿಂದ ಕರುಳಿನವರೆಗೆ

ಬೇಟೆ ಎಂದೊಡನೆ ಹುಲಿ, ಚಿರತೆಗಳ ನೆನಪಾಗುವುದು ಸಹಜ. ಆದರೆ ಹಲ್ಲು, ಉಗುರು, ಹೊಟ್ಟೆ ಯಾವುದೂ ಇಲ್ಲದೆ, ಒಂದೇ ಒಂದು ಜೀವಕೋಶದಿಂದಾದ ಜೀವಿಗಳಲ್ಲೂ ನುರಿತ ಬೇಟೆಗಾರರಿದ್ದಾರೆ. ಅವುಗಳ ಆಹಾರಕ್ರಮವನ್ನು ಅರಿಯುವುದು ಬರಿಯ ಕುತೂಹಲದ ಮಾತಲ್ಲ. ಮಹಾನಗರವಾಸಿಗಳನ್ನು ಇಂದಿಗೂ ಕಾಡುವ ಆಮಶಂಕೆಯ ಒಂದು ಬಗೆಗೆ ಇಂತಹ ಬೇಟೆಗಾರ ಜೀವಿಯೇ ಕಾರಣ.

ಕೊಳದ ನೀರಿನಲ್ಲಿರುವ ಅಮೀಬಾಕ್ಕೆ ನಿಶ್ಚಿತ ಆಕಾರವಿಲ್ಲ. ಬೇಟೆ ತಾಕಿದೊಡನೆ ಅದರ ಜೀವದ್ರವ್ಯವು ಬೆರಳುಗಳಂತೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಇವೇ ಮಿಥ್ಯಾಪಾದಗಳು. ಅವು ಬೇಟೆಯನ್ನು ಸುತ್ತುವರಿದು ಒಂದಾದಾಗ, ತುಸು ನೀರಿನೊಡನೆ ಅದು ಒಳಗೆ ಸೆರೆಯಾಗುತ್ತದೆ. ಹೀಗೆ ಉಂಟಾದ ಪುಟ್ಟ ಚೀಲವೇ ಆಹಾರ ರಸದಾನಿ. ಅಮೀಬಾದ ತಾತ್ಕಾಲಿಕ ಜಠರವೆಂದರೂ ಸಲ್ಲುತ್ತದೆ. ಅಲ್ಲಿ ಆಮ್ಲವೂ ಕಿಣ್ವಗಳೂ ಸೇರಿ ಬೇಟೆಯನ್ನು ಕರಗಿಸುತ್ತವೆ. ಸಾರವು ದೇಹಗತವಾಗಿ, ಉಳಿದ ಕಸವು ಹೊರಗೆ ಹೋಗುತ್ತದೆ.

ಎಲ್ಲ ಏಕಕೋಶಿಗಳದೂ ಇದೇ ವಿಧಾನವಲ್ಲ. ಪ್ಯಾರಮೀಸಿಯಂ ತನ್ನ ನವಿರಾದ ಲೋಮಾಂಗಗಳಿಂದ ನೀರಿನಲ್ಲಿ ಪ್ರವಾಹವೆಬ್ಬಿಸಿ ಬ್ಯಾಕ್ಟೀರಿಯಾಗಳನ್ನು ಬಾಯಿಯತ್ತ ಸೆಳೆಯುತ್ತದೆ. ಆ ಪ್ಯಾರಮೀಸಿಯಂಗೂ ಒಬ್ಬ ವೈರಿಯುಂಟು. ಪೀಪಾಯಿಯಾಕಾರದ ಡಿಡಿನಿಯಂ ತನ್ನ ಮೂತಿಯಿಂದ ವಿಷಯುಕ್ತ ಎಳೆಗಳನ್ನು ಚುಚ್ಚಿ, ತನಗಿಂತ ದೊಡ್ಡ ಪ್ಯಾರಮೀಸಿಯಂ ಅನ್ನು ಇಡಿಯಾಗಿ ನುಂಗುತ್ತದೆ. ರಷ್ಯದ ವಿಜ್ಞಾನಿ ಗಾಸ್ 1934ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಡಗುದಾಣವಿಲ್ಲದ ಪಾತ್ರೆಯೊಳಗೆ ಡಿಡಿನಿಯಂಗಳು ಬೇಟೆಯನ್ನೆಲ್ಲ ತಿಂದು ಮುಗಿಸಿ, ಕೊನೆಗೆ ತಾವೂ ಹಸಿವಿನಿಂದ ಅಳಿದವು.

ಇನ್ನು ಮನುಷ್ಯನ ಕರುಳಿನ ವಿಚಾರ. 1875ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವೈದ್ಯ ಲೆಶ್ ಆಮಶಂಕೆಯ ರೋಗಿಯೊಬ್ಬನ ಮಲದಲ್ಲಿ ಅಮೀಬಾಗಳನ್ನು ಕಂಡನು. 1903ರಲ್ಲಿ ಷಾಡಿನ್ ಈ ಜೀವಿಯನ್ನು ಎಂಟಮೀಬಾ ಹಿಸ್ಟೊಲಿಟಿಕಾ ಎಂದು ಹೆಸರಿಸಿದನು. ಹಿಸ್ಟೊಲಿಟಿಕಾ ಎಂದರೆ ಅಂಗಾಂಶವನ್ನು ಕರಗಿಸುವಂಥದು. ದೊಡ್ಡ ಕರುಳಿನಲ್ಲಿ ಅದು ಸಾಮಾನ್ಯವಾಗಿ ಬ್ಯಾಕ್ಟೀರಿಯಾಗಳನ್ನು ತಿಂದುಕೊಂಡಿರುತ್ತದೆ. ಆದುದರಿಂದಲೇ ಸೋಂಕುಳ್ಳ ಬಹುಮಂದಿಗೆ ಯಾವ ತೊಂದರೆಯೂ ತೋರುವುದಿಲ್ಲ. ಆದರೆ ಕೆಲವರಲ್ಲಿ ಅದು ಕರುಳಿನ ಗೋಡೆಗೆ ಅಂಟಿ, ಕೋಶಗಳನ್ನು ಕೊಂದು, ಹುಣ್ಣು ಮಾಡಿ, ಕೆಂಪು ರಕ್ತಕಣಗಳನ್ನೂ ನುಂಗುತ್ತದೆ. ಅದು ಜೀವಂತ ಕೋಶಗಳನ್ನು ತುಣುಕುತುಣುಕಾಗಿ ಕಚ್ಚಿ ತಿಂದು ಕೊಲ್ಲುವುದೆಂಬ ಸಂಗತಿ 2014ರಲ್ಲಿ ಪ್ರಕಟವಾಯಿತು. ರಕ್ತದ ಮೂಲಕ ಯಕೃತ್ತನ್ನು ಸೇರಿದರೆ ಅಲ್ಲಿ ಕೀವಿನಂಥ ದ್ರವ ತುಂಬಿದ ಬಾವು ಏಳುತ್ತದೆ.

ವಿಚಿತ್ರವೆಂದರೆ, ನಮ್ಮ ರಕ್ಷಕರದೂ ಇದೇ ವಿದ್ಯೆ. ರೋಗಾಣುಗಳನ್ನು ಬಿಳಿಯ ರಕ್ತಕಣಗಳು ಅಮೀಬಾದಂತೆಯೇ ಸುತ್ತುವರಿದು ನುಂಗುತ್ತವೆ. ಇಂತಹ ಭಕ್ಷಕ ಕೋಶಗಳ ಮಹತ್ವವನ್ನು ತೋರಿಸಿದ ಮೆಚ್ನಿಕಾಫ್‌ಗೆ 1908ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಈ ಅಮೀಬಾ ತನ್ನನ್ನು ಎದುರಿಸಬಂದ ಬಿಳಿಯ ಕಣಗಳನ್ನೂ ಕೊಲ್ಲಬಲ್ಲದು.

ಆದುದರಿಂದ ಅದು ಒಳಹೊಗದಂತೆ ತಡೆಯುವುದೇ ಜಾಣತನ. ರೋಗ ಹರಡುವುದು ಗಟ್ಟಿ ಕವಚದ ಸಿಸ್ಟ್ ರೂಪದಿಂದ. ಜಠರದ ಆಮ್ಲಕ್ಕೆ ಅದು ಜಗ್ಗದು. ನಲ್ಲಿಯ ನೀರಿಗೆ ಸಾಮಾನ್ಯವಾಗಿ ಬೆರೆಸುವಷ್ಟು ಕ್ಲೋರಿನ್ನಿಗೂ ಸುಲಭವಾಗಿ ಸಾಯದು. ಕುದಿತಕ್ಕೆ ಮಾತ್ರ ತಾಳಲಾರದು. ನೀರು ಚೆನ್ನಾಗಿ ಮರಳತೊಡಗಿದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. ಬೀದಿಯಲ್ಲಿ ಕೊಯ್ದಿಟ್ಟ ಹಣ್ಣು, ತೊಳೆಯದ ಹಸಿ ತರಕಾರಿಗಳನ್ನು ವರ್ಜಿಸಬೇಕು. ಶೌಚದ ನಂತರವೂ ಅಡಿಗೆಗೆ ಮುನ್ನವೂ ಸಾಬೂನಿನಿಂದ ಕೈ ತೊಳೆಯಬೇಕು; ಆರೋಗ್ಯವಂತನಂತೆ ತೋರುವವನೂ ಸಿಸ್ಟ್‌ಗಳನ್ನು ಹೊರಹಾಕುತ್ತಿರಬಹುದು.

ಮಲದಲ್ಲಿ ರಕ್ತ ಕಂಡರೆ ಅಂಗಡಿಯ ಮಾತ್ರೆಯನ್ನು ನೆಚ್ಚದೆ ವೈದ್ಯರನ್ನು ಕಾಣಬೇಕು. ನೋವು ಶಮನವಾದ ಮೇಲೂ ಕರುಳಿನಲ್ಲುಳಿದ ಅಮೀಬಾಗಳ ನಿರ್ಮೂಲನಕ್ಕೆ ಎರಡನೆಯ ಔಷಧ ಅಗತ್ಯ. ನಡುವೆಯೇ ಚಿಕಿತ್ಸೆ ನಿಲ್ಲಿಸಿದರೆ ಬೇಟೆಗಾರ ಮನೆಯೊಳಗೇ ಉಳಿದಂತೆ.