ಪುಟ್ಟ ಪ್ಲಗಿನ್‌ನ ಸುರಕ್ಷತೆ ಪರೀಕ್ಷಿಸುವುದು: ನಾಲ್ಕು ಪ್ರಶ್ನೆಗಳ ಪಾಠ

ತರಗತಿ: 9
ಅವಧಿ: 40 ನಿಮಿಷ
ಪದ್ಧತಿ: ಪ್ರಾತ್ಯಕ್ಷಿಕೆ ಮತ್ತು ಗುಂಪು ಚಟುವಟಿಕೆ
ಬೋಧನೋಪಕರಣಗಳು: ಲೋಕಲ್ ಸರ್ವರ್‌ನಲ್ಲಿ ವರ್ಡ್‌ಪ್ರೆಸ್ ಇರುವ ಒಂದು ಲ್ಯಾಪ್‌ಟಾಪ್ (ಇಂಟರ್ನೆಟ್ ಬೇಡ), ಪ್ಲಗಿನ್‌ನ ಸಾಲುಗಳನ್ನು ಬರೆದ ಚಾರ್ಟ್, ಬಣ್ಣದ ಪೆನ್ಸಿಲ್‌ಗಳು
ಪೂರ್ವಜ್ಞಾನ: ಜಾಲತಾಣ, ಪಾಸ್‌ವರ್ಡ್, ಸರಳ ಎಚ್‌ಟಿಎಂಎಲ್ ಟ್ಯಾಗ್‌ಗಳು

ಪಾಠದ ಅಗತ್ಯ

ಶಾಲೆಯ ಜಾಲತಾಣಕ್ಕೆ ಅಭಿಪ್ರಾಯ ಪೆಟ್ಟಿಗೆಯನ್ನೋ ಫೋಟೊ ಗ್ಯಾಲರಿಯನ್ನೋ ಸೇರಿಸಲು ನಾವು ಪ್ಲಗಿನ್ ಹಾಕುತ್ತೇವೆ. ಪ್ಲಗಿನ್ ಚಿಕ್ಕದಾದರೂ ಅದರ ಅಧಿಕಾರ ಚಿಕ್ಕದಲ್ಲ. ವರ್ಡ್‌ಪ್ರೆಸ್‌ನಲ್ಲಿ ಮೂವತ್ತು ಸಾಲಿನ ಪ್ಲಗಿನ್ ಕೂಡ ಮೂಲ ತಂತ್ರಾಂಶದಷ್ಟೇ ಅಧಿಕಾರದಿಂದ ಓಡುತ್ತದೆ ಮತ್ತು ಇಡೀ ಡೇಟಾಬೇಸನ್ನು ಓದಬಲ್ಲದು. ಅಲ್ಲಿ ಮಕ್ಕಳ ಹೆಸರು, ಪೋಷಕರ ಮೊಬೈಲ್ ನಂಬರ್ ಇದ್ದರೆ ಅವೂ ಅದರ ಕೈಗೆ ಸಿಗುತ್ತವೆ. ಆದ್ದರಿಂದ ‘ಈ ಪ್ಲಗಿನ್ ಏನು ಕೆಲಸ ಮಾಡುತ್ತದೆ?’ ಎಂಬುದಕ್ಕಿಂತ ‘ಗುರುತಿಲ್ಲದವರಿಗೆ ಇದು ಏನೇನು ಮಾಡಲು ಬಿಡುತ್ತದೆ?’ ಎಂದು ಕೇಳುವುದನ್ನು ಮಕ್ಕಳು ಕಲಿಯಬೇಕು. ಇದೇ ಈ ಪಾಠದ ಕಲಿಕಾ ಫಲ.

1. ತೊಡಗಿಸಿಕೊಳ್ಳುವುದು (5 ನಿಮಿಷ)

ತರಗತಿಗೆಂದೇ ನಾನು ಬರೆದಿದ್ದ, ಉದ್ದೇಶಪೂರ್ವಕವಾಗಿ ರಕ್ಷಣೆ ಬಿಟ್ಟಿದ್ದ ಅಭಿಪ್ರಾಯ ಪೆಟ್ಟಿಗೆಯನ್ನು ತೆರೆದೆ. ಒಬ್ಬ ವಿದ್ಯಾರ್ಥಿ ಹೆಸರಿನ ಜಾಗದಲ್ಲಿ ತನ್ನ ಹೆಸರನ್ನು ದಪ್ಪಕ್ಷರದ ಟ್ಯಾಗ್‌ಗಳ ನಡುವೆ ಬರೆದ. ಪುಟದಲ್ಲಿ ಅವನ ಹೆಸರು ಮಾತ್ರ ದಪ್ಪವಾಗಿ ಕಾಣಿಸಿತು. “ಬರೀ ಅಕ್ಷರ ತಾನೇ ಕೊಟ್ಟಿದ್ದು, ಪುಟ ಅದನ್ನು ಆಜ್ಞೆ ಅಂತ ಯಾಕೆ ತಿಳಿದುಕೊಂಡಿತು?” ಎಂದು ಕೇಳಿದೆ. ದಪ್ಪಕ್ಷರದ ಬದಲು ಸ್ಕ್ರಿಪ್ಟ್ ಕೊಟ್ಟಿದ್ದರೆ, ಆ ಪುಟ ತೆರೆದ ಪ್ರತಿಯೊಬ್ಬರ ಬ್ರೌಸರ್‌ನಲ್ಲೂ ಅದು ಓಡುತ್ತಿತ್ತು.

2. ವಿವರಿಸುವುದು (15 ನಿಮಿಷ)

ನಾಲ್ಕು ಪ್ರಶ್ನೆಗಳನ್ನು ಶಾಲಾ ಕಚೇರಿಯ ಹೋಲಿಕೆಯೊಂದಿಗೆ ಕಪ್ಪುಹಲಗೆಯಲ್ಲಿ ಬರೆದೆ.

ಅ) ಕೇಳುತ್ತಿರುವವರು ಯಾರು? ಅಂಕಪಟ್ಟಿ ತಿದ್ದಲು ಎಲ್ಲರಿಗೂ ಅಧಿಕಾರವಿಲ್ಲ. ಪ್ಲಗಿನ್ ಕೂಡ ಬಳಕೆದಾರರ ಅಧಿಕಾರವನ್ನು ಪರಿಶೀಲಿಸಬೇಕು. ವರ್ಡ್‌ಪ್ರೆಸ್‌ನಲ್ಲಿ ಇದಕ್ಕಿರುವುದು ‘ಕರೆಂಟ್ ಯೂಸರ್ ಕ್ಯಾನ್’ ಎಂಬ ಫಂಕ್ಷನ್. ‘ಈಸ್ ಅಡ್ಮಿನ್’ ಎಂಬ ಇನ್ನೊಂದು ಫಂಕ್ಷನ್‌ನ ಹೆಸರು ದಾರಿ ತಪ್ಪಿಸುತ್ತದೆ. ಬಂದಿರುವ ಕೋರಿಕೆ ಆಡಳಿತ ವಿಭಾಗದ್ದೇ ಎಂದು ಮಾತ್ರ ಅದು ಹೇಳುತ್ತದೆ. ಕಚೇರಿಯೊಳಗೆ ನಿಂತವರೆಲ್ಲ ಮುಖ್ಯೋಪಾಧ್ಯಾಯರಲ್ಲ.

ಆ) ಅವರು ಬಯಸಿಯೇ ಕಳುಹಿಸಿದರೇ? ಸಹಿಗೆ ಹೋಗುವ ಕಡತಗಳ ನಡುವೆ ಯಾರೋ ಒಂದು ಹಾಳೆ ತೂರಿಸಿದರೆ ಸಹಿ ನಿಜವಾದದ್ದೇ, ಒಪ್ಪಿಗೆ ಮಾತ್ರ ಇಲ್ಲ. ಇದನ್ನು ತಡೆಯಲು ಅರ್ಜಿಯ ಜೊತೆ ‘ನಾನ್ಸ್’ ಎಂಬ ಗುರುತು ಇರುತ್ತದೆ. ಆದರೆ ಇದು ಮೊದಲ ಪ್ರಶ್ನೆಗೆ ಉತ್ತರವಲ್ಲ, ಎರಡೂ ಬೇಕು.

ಇ) ಒಳಗೆ ಬರುತ್ತಿರುವುದೇನು? ಬಂದ ಮಾಹಿತಿಯನ್ನು ಶುದ್ಧಗೊಳಿಸಬೇಕು. ಡೇಟಾಬೇಸ್‌ಗೆ ಕೊಡುವ ಆಜ್ಞೆಯೊಳಗೆ ಅದನ್ನು ನೇರವಾಗಿ ಜೋಡಿಸಬಾರದು.

ಈ) ಹೊರಗೆ ಹೋಗುತ್ತಿರುವುದೇನು? ಪುಟಕ್ಕೆ ಬರೆಯುವಾಗ ಟ್ಯಾಗ್‌ಗಳು ಬರೀ ಅಕ್ಷರಗಳಾಗಿ ಕಾಣುವಂತೆ ಮಾಡಬೇಕು. ಈ ಒಂದು ಬದಲಾವಣೆ ಮಾಡಿ ಅದೇ ಹೆಸರನ್ನು ಮತ್ತೆ ತೋರಿಸಿದೆ. ಈ ಬಾರಿ ಟ್ಯಾಗ್‌ಗಳೇ ಪುಟದಲ್ಲಿ ಅಕ್ಷರಗಳಾಗಿ ಕಂಡವು.

3. ಅನ್ವೇಷಣೆ (10 ನಿಮಿಷ)

ಗುಂಪುಗಳು ಚಾರ್ಟ್‌ನಲ್ಲಿ ಮಾಹಿತಿ ಒಳಬರುವ ಸಾಲುಗಳಿಗೆ ಕೆಂಪು, ಹೊರಹೋಗುವ ಸಾಲುಗಳಿಗೆ ನೀಲಿ ಗೆರೆ ಹಾಕಿದವು. ಎರಡರ ನಡುವೆ ಎಲ್ಲಿ ಕಾವಲಿಲ್ಲವೋ ಅಲ್ಲಿ ಪ್ರಶ್ನಾರ್ಥಕ ಚಿಹ್ನೆ. ಪಿಎಚ್‌ಪಿ ತಿಳಿಯದ ಮಕ್ಕಳೂ ಇದನ್ನು ಮಾಡಿದರು.

4. ವಿಸ್ತರಿಸುವುದು (5 ನಿಮಿಷ)

“ಮಿಸ್, ಲಕ್ಷ ಜನ ಹಾಕ್ಕೊಂಡಿದ್ರೆ ಅದು ಒಳ್ಳೇದೇ ಅಲ್ವಾ?” ಎಂದು ಒಬ್ಬಳು ಕೇಳಿದಳು. ಉತ್ತರಕ್ಕೆ ಎರಡು ನಿಜ ಘಟನೆಗಳನ್ನು ಹೇಳಿದೆ.

‘ಡಬ್ಲ್ಯುಪಿ ಜಿಡಿಪಿಆರ್ ಕಂಪ್ಲಯನ್ಸ್’ ಎಂಬ ಪ್ಲಗಿನ್ ಒಂದು ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿತ್ತು. ಖಾಸಗಿ ಮಾಹಿತಿಯ ಕಾನೂನನ್ನು ಪಾಲಿಸಲು ನೆರವಾಗುವುದೇ ಅದರ ಕೆಲಸ. ಅದರಲ್ಲಿ ಮೊದಲ ಪ್ರಶ್ನೆಯನ್ನೇ ಕೇಳದ ಒಂದು ಜಾಗವಿತ್ತು. 2018ರ ನವೆಂಬರ್‌ನಲ್ಲಿ ದಾಳಿಕೋರರು ಅದರ ಮೂಲಕ ತಾಣದ ಸೆಟ್ಟಿಂಗ್ ಬದಲಿಸಿದರು: ಯಾರು ಬೇಕಾದರೂ ನೋಂದಾಯಿಸಬಹುದು, ನೋಂದಾಯಿಸಿದವರೆಲ್ಲ ಅಡ್ಮಿನ್! ನಂತರ ತಾವೇ ನೋಂದಾಯಿಸಿಕೊಂಡರು. 1.4.3ನೇ ಆವೃತ್ತಿಯಲ್ಲಿ ದೋಷ ಸರಿಯಾಯಿತು. ಅಪ್‌ಡೇಟ್ ಮಾಡದ ತಾಣಗಳಿಗೆ ಅಪಾಯ ಹಾಗೇ ಉಳಿಯಿತು.

‘ಡಿಸ್‌ಪ್ಲೇ ವಿಜೆಟ್ಸ್’ ಎಂಬ ಪ್ಲಗಿನ್ 2017ರಲ್ಲಿ ಕೈ ಬದಲಾಯಿತು. ಹೊಸ ಮಾಲೀಕರ ಆವೃತ್ತಿಗಳಲ್ಲಿ, ತಾಣದೊಳಗೆ ಸ್ಪ್ಯಾಮ್ ಪುಟಗಳನ್ನು ಸೇರಿಸುವ ಕೋಡ್ ಇತ್ತು. ಕೊನೆಗೆ ಅದನ್ನು ಅಧಿಕೃತ ಸಂಗ್ರಹದಿಂದ ತೆಗೆದರು. ಹೀಗಾಗಿ ಐದನೆಯ ಪ್ರಶ್ನೆಯೊಂದನ್ನು ಮಕ್ಕಳೇ ಸೇರಿಸಿದರು: ಇದನ್ನು ಈಗ ನೋಡಿಕೊಳ್ಳುತ್ತಿರುವವರು ಯಾರು, ಕೊನೆಯ ಅಪ್‌ಡೇಟ್ ಯಾವಾಗ?

5. ಮೌಲ್ಯಮಾಪನ (5 ನಿಮಿಷ)

– ನಾನ್ಸ್ ಇದ್ದರೆ ಅಧಿಕಾರದ ಪರಿಶೀಲನೆ ಬೇಡವೇ? ಕಾರಣ ಕೊಡಿ.
– ಬಳಸದ ಪ್ಲಗಿನ್ ಅನ್ನು ನಿಷ್ಕ್ರಿಯಗೊಳಿಸಿದರೆ ಸಾಕೇ, ಅಳಿಸಬೇಕೇ? (ಅಳಿಸಬೇಕು. ಕಡತಗಳು ಸರ್ವರ್‌ನಲ್ಲಿದ್ದರೆ ಕೆಲವೊಮ್ಮೆ ಅವನ್ನು ನೇರವಾಗಿ ತಲುಪಬಹುದು.)

ಅವಲೋಕನ

‘ಇ’ ಮತ್ತು ‘ಈ’ ಪ್ರಶ್ನೆಗಳು ಕಣ್ಣಿಗೆ ಕಾಣುವುದರಿಂದ ಮಕ್ಕಳಿಗೆ ಬೇಗ ಅರ್ಥವಾದವು. ‘ಅ’ ಹಾಗಲ್ಲ: ಇಲ್ಲದ ಸಾಲನ್ನು ಹುಡುಕಬೇಕು. ಅದಕ್ಕೆ ಹೆಚ್ಚು ಸಮಯ ಬೇಕು. ಎರಡು ಅವಧಿ ಸಿಕ್ಕರೆ ಒಂದನ್ನು ಪೂರ್ತಿ ಅದಕ್ಕೇ ಕೊಡುವುದು ಒಳ್ಳೆಯದು. ಪ್ರಯೋಗ ನಮ್ಮದೇ ಯಂತ್ರದಲ್ಲಿ ಮಾತ್ರ ನಡೆಯಬೇಕು. ಅನುಮತಿಯಿಲ್ಲದೆ ಬೇರೆಯವರ ತಾಣದ ಮೇಲೆ ಪ್ರಯೋಗಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಪ್ರಕಾರ ಅಪರಾಧವಾಗಬಹುದು. ಈ ಮಾತನ್ನು ಪ್ರಾತ್ಯಕ್ಷಿಕೆಗೆ ಮೊದಲೇ ಹೇಳಿ, ಹಲಗೆಯ ಮೂಲೆಯಲ್ಲಿ ಪಾಠ ಮುಗಿಯುವವರೆಗೂ ಬಿಟ್ಟಿದ್ದೆ.